ಒಪ್ಪಿಕೊಳ್ಳದ ಸಾಲ

(ಮಾತನಾಡುತ್ತಿರುವವರು ಇಬ್ಬರು: ಕಂಪನಿಗಳ ಲೆಕ್ಕಪತ್ರಗಳನ್ನು ಪರಿಶೋಧಿಸುವ ವೃತ್ತಿಯಲ್ಲಿರುವ ಆಡಿಟರೊಬ್ಬರು, ಕಾರ್ಮಿಕ ನ್ಯಾಯಾಲಯಗಳಲ್ಲಿ ಕೆಲಸಗಾರರ ಪರವಾಗಿ ವಾದಿಸುತ್ತ ವೃದ್ಧರಾದ ವಕೀಲರೊಬ್ಬರು.)

ಆಡಿಟರು: ತಮ್ಮ ಕಕ್ಷಿದಾರರಿಗೆ ಪ್ರಿಯವಾಗದ ಮಾತೆಂದು ಬಲ್ಲೆನಾದರೂ ಹೇಳದೆ ವಿಧಿಯಿಲ್ಲ, ಸ್ವಾಮಿ. ನೌಕರರು ಹೂಡಿದ ವ್ಯಾಜ್ಯಗಳು ಎಲ್ಲಿ ಬೆಳೆದಿವೆಯೋ ಅಲ್ಲಿ ಲಾಭವು ಕ್ಷೀಣಿಸಿರುವುದನ್ನೂ, ಎಲ್ಲಿ ಅವು ವಿರಳವಾಗಿವೆಯೋ ಅಲ್ಲಿ ವ್ಯವಹಾರವು ಸಮೃದ್ಧವಾಗಿರುವುದನ್ನೂ ನಾನು ಪರಿಶೋಧಿಸುವ ಪುಸ್ತಕಗಳಲ್ಲಿ ಮತ್ತೆ ಮತ್ತೆ ಕಾಣುತ್ತಿದ್ದೇನೆ. ವಕೀಲರ ಫೀಜು, ಅಧಿಕಾರಿಗಳು ನ್ಯಾಯಾಲಯದ ಮೊಗಸಾಲೆಯಲ್ಲಿ ಕಳೆಯುವ ಹೊತ್ತು, ಕಟ್ಟಕಡೆಗೆ ಬರುವ ತೀರ್ಪಿನ ಮೊತ್ತ, ಇವೆಲ್ಲವೂ ಸೇರಿ ವರ್ಷದ ದುಡಿಮೆಯನ್ನೇ ನುಂಗಿಬಿಡುವುದುಂಟು. ಆದಕಾರಣ ವ್ಯಾಜ್ಯವೇ ನಷ್ಟಕ್ಕೆ ಹೇತುವೆಂದು ನಾನು ನಿರ್ಣಯಿಸಿದರೆ ತಪ್ಪೇನು?

ವಕೀಲರು: ನೀವು ಕಂಡದ್ದು ನಿಜ, ಕಂಡದ್ದರಿಂದ ತೆಗೆದ ನಿರ್ಣಯ ಅವಸರದ್ದು. ಯಾವುದು ಮೊದಲು ಬಂದಿತು, ಯಾವುದು ಆಮೇಲೆ ಬಂದಿತು ಎಂಬುದನ್ನು ವಿಚಾರಿಸದೆ ಕಾರ್ಯಕಾರಣ ಸಂಬಂಧವನ್ನು ಹೇಳಲಾಗದಷ್ಟೆ? ಒಂದು ಕಾರ್ಖಾನೆಗೆ ಬರುತ್ತಿದ್ದ ಆರ್ಡರುಗಳು ಇಳಿದು, ಬ್ಯಾಂಕಿನ ಬಡ್ಡಿ ಏರುತ್ತ ಹೋದಾಗ, ಆಡಳಿತವರ್ಗದವರು ಯಾರಿಗೆ ಕೊಡಬೇಕಾದ ಹಣವನ್ನು ಮೊದಲು ತಡೆಯುತ್ತಾರೆ? ಬ್ಯಾಂಕಿನವರದನ್ನು ತಡೆದರೆ ನೋಟೀಸು ಬರುತ್ತದೆ. ವಿದ್ಯುತ್ತಿನ ಬಿಲ್ಲನ್ನು ತಡೆದರೆ ದೀಪ ಆರುತ್ತದೆ. ಕೆಲಸಗಾರನ ಭವಿಷ್ಯನಿಧಿಗೆಂದು ಸಂಬಳದಿಂದ ಹಿಡಿದ ಹಣವನ್ನು ಕಟ್ಟದೆ ಉಳಿಸಿಕೊಂಡರೆ ಒಡನೆಯೇ ಕೇಳುವವರಿಲ್ಲ. ಅಲ್ಲಿಂದ ಮುಂದಕ್ಕೆ ಹೆಚ್ಚುವರಿ ವೇಳೆಯ ಕೂಲಿ ನಿಲ್ಲುತ್ತದೆ. ಅನಂತರ ಗ್ರ್ಯಾಚುಯಿಟಿ ಬಾಕಿಯಾಗುತ್ತದೆ. ಕಡೆಗೆ ಒಂದು ದಿನ ಗೇಟಿನಲ್ಲಿ ಹೆಸರುಗಳ ಪಟ್ಟಿ ಅಂಟಿಸಿರುತ್ತದೆ. ಇಷ್ಟೆಲ್ಲ ನಡೆದ ಮೇಲೆ ಒಬ್ಬ ಮನುಷ್ಯ ನನ್ನ ಕಚೇರಿಯ ಮೆಟ್ಟಿಲೇರುತ್ತಾನೆ. ಅವನ ಕೈಯಲ್ಲಿ ಒಂದು ಪ್ಲಾಸ್ಟಿಕ್ ಚೀಲ. ಅದರೊಳಗೆ ಮಡಿಕೆಯಲ್ಲಿ ಹರಿದ ನೇಮಕದ ಪತ್ರ, ಇ.ಎಸ್.ಐ. ಕಾರ್ಡು, ಅಕ್ಷರ ಮಾಸಿದ ಕೊನೆಯ ಸಂಬಳದ ಚೀಟಿ, ಮತ್ತು ಅವನಿಗೆ ಓದಲು ಬಾರದ ಇಂಗ್ಲಿಷಿನಲ್ಲಿ ಬರೆದ ವಜಾ ಆದೇಶ. ಅವನ ಅರ್ಜಿಗೆ ನ್ಯಾಯಾಲಯದಲ್ಲಿ ಒಂದು ಸಂಖ್ಯೆ ಬೀಳುವ ವೇಳೆಗೆ ಕಂಪನಿಯ ವ್ಯಾಧಿ ಎರಡು ಮೂರು ವರ್ಷ ಹಳೆಯದಾಗಿರುತ್ತದೆ. ಮಾಡು ಸೋರುವುದು ಮಳೆಯಲ್ಲಿ ಗೊತ್ತಾಯಿತೆಂದು ಹೆಂಚು ಒಡೆದ ಅಪವಾದವನ್ನು ಮಳೆಯ ಮೇಲೆ ಹೊರಿಸುವುದು ಸರಿಯೆ?

ಆಡಿಟರು: ರೋಗಗ್ರಸ್ತ ಸಂಸ್ಥೆಗಳ ವಿಷಯದಲ್ಲಿ ಒಪ್ಪಿದೆ. ಆದರೆ ಚೆನ್ನಾಗಿ ಲಾಭ ಗಳಿಸುತ್ತಿರುವ ಕಂಪನಿಗಳ ಮೇಲೂ ವ್ಯಾಜ್ಯಗಳಿವೆಯಲ್ಲ? ಅಲ್ಲಿ ಯಾವ ಹೆಂಚು ಒಡೆದಿತ್ತು?

ವಕೀಲರು: ಅಲ್ಲಿಯೇ ಈ ವಿಷಯದ ತಿರುಳಿರುವುದು. ನಷ್ಟದಿಂದ ಹುಟ್ಟುವ ವ್ಯಾಜ್ಯಗಳಂತೆ ಲಾಭದಿಂದ ಹುಟ್ಟುವ ವ್ಯಾಜ್ಯಗಳೂ ಇವೆ. ನಮ್ಮ ದೇಶದ ಕಾರ್ಮಿಕ ಕಾನೂನಿನ ಒಂದು ದೊಡ್ಡ ಭಾಗ ಬೆಳೆದದ್ದು ಇವುಗಳಿಂದಲೇ. ಮೊದಲ ಮಹಾಯುದ್ಧದ ಕಾಲದಲ್ಲಿ, 1917ರಲ್ಲಿ, ಮುಂಬಯಿಯ ಬಟ್ಟೆಯ ಗಿರಣಿಗಳು ವೇತನದ ಮೇಲೆ ನೂರಕ್ಕೆ 10ರಂತೆ ಯುದ್ಧದ ಬೋನಸ್ಸನ್ನು ಕೊಡಲಾರಂಭಿಸಿ, ಮರುವರ್ಷ ಅದನ್ನು 15ಕ್ಕೆ ಏರಿಸಿದುವು. ಅನಂತರದ ಸಮೃದ್ಧಿಯ ವರ್ಷಗಳಲ್ಲಿ ವರುಷಕ್ಕೊಂದು ತಿಂಗಳ ಸಂಬಳ ಬೋನಸ್ಸಾಗಿ ಬರತೊಡಗಿತು. 1923ರಲ್ಲಿ ವ್ಯಾಪಾರ ಕುಗ್ಗಿತೆಂದು ಮಾಲೀಕರು ಅದನ್ನು ನಿಲ್ಲಿಸಿದರು. ಕೆಲಸಗಾರರು 1924ರ ಆರಂಭದಲ್ಲಿ ಮುಷ್ಕರ ಹೂಡಿದರು. ಮುಂಬಯಿ ಹೈಕೋರ್ಟಿನ ಮುಖ್ಯ ನ್ಯಾಯಾಧೀಶರಾಗಿದ್ದ ಸರ್ ನಾರ್ಮನ್ ಮೆಕ್ಲಾಯ್ಡ್ ಅವರ ಅಧ್ಯಕ್ಷತೆಯ ಸಮಿತಿಯು ವಿಚಾರಣೆ ನಡೆಸಿ, ರೂಢಿಯಿಂದಾಗಲಿ ಕಾಯಿದೆಯಿಂದಾಗಲಿ ಧರ್ಮನ್ಯಾಯದಿಂದಾಗಲಿ ವಾರ್ಷಿಕ ಬೋನಸ್ಸಿಗೆ ಕೆಲಸಗಾರರು ಹಕ್ಕುದಾರರಲ್ಲವೆಂದೂ, ಗಿರಣಿಗಳ ಆ ವರ್ಷದ ಲಾಭವು ಬೋನಸ್ಸಿಗೆ ಎಡೆಗೊಡುವಂಥದಲ್ಲವೆಂದೂ ಅಭಿಪ್ರಾಯವಿತ್ತಿತು.

ಆಡಿಟರು: ಅಂದಮೇಲೆ ಕೆಲಸಗಾರರು ಸೋತರು.

ವಕೀಲರು: ಸೋತರು. ಆದರೆ ಹಕ್ಕಿಲ್ಲವೆಂದು ಹೇಳುವುದರ ಜತೆಗೆ ಲಾಭ ಸಾಲದೆಂಬುದನ್ನೂ ಹೇಳಬೇಕಾಗಿ ಬಂದಿತೆಂಬುದನ್ನು ಗಮನಿಸಿರಿ. ಗಿರಣಿಯ ಲಾಭವೆಷ್ಟು ಎಂಬ ಪ್ರಶ್ನೆಯನ್ನು ನೂಲುವವನೂ ನೇಯುವವನೂ ಒಂದು ನ್ಯಾಯಪೀಠದ ಮುಂದೆ ಎತ್ತಬಹುದೆಂಬುದು ಅಂದಿಗೆ ಸ್ಥಿರಪಟ್ಟಿತು. 1950ರಲ್ಲಿ ಅದೇ ಮುಂಬಯಿಯ ಗಿರಣಿಗಳ ವಿವಾದದಲ್ಲಿ ಕಾರ್ಮಿಕ ಮೇಲ್ಮನವಿ ನ್ಯಾಯಾಧಿಕರಣದ ಪೂರ್ಣಪೀಠವು ಒಂದು ಸೂತ್ರವನ್ನೇ ರಚಿಸಿಕೊಟ್ಟಿತು. ಒಟ್ಟು ಲಾಭದಿಂದ ಸವಕಳಿಯನ್ನು ಕಳೆಯಿರಿ, ಯಂತ್ರಗಳ ನವೀಕರಣಕ್ಕೆ ಬೇಕಾದ ನಿಧಿಯನ್ನು ತೆಗೆದಿಡಿರಿ, ಆದಾಯ ತೆರಿಗೆಯನ್ನು ಕೊಡಿರಿ, ಷೇರು ಬಂಡವಾಳಕ್ಕೆ ನೂರಕ್ಕೆ 6ರ ಪ್ರತಿಫಲವನ್ನೂ ದುಡಿಯುವ ಬಂಡವಾಳಕ್ಕೆ ಅದಕ್ಕಿಂತ ಕಡಮೆ ದರದ ಪ್ರತಿಫಲವನ್ನೂ ಮೀಸಲಿಡಿರಿ. ಆಮೇಲೆ ಮಿಕ್ಕುದರಲ್ಲಿ ಕೆಲಸಗಾರನಿಗೂ ಭಾಗವುಂಟು ಎಂದಿತು. 1959ರಲ್ಲಿ ಅಸೋಸಿಯೇಟೆಡ್ ಸಿಮೆಂಟ್ ಕಂಪನಿಗಳ ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯ ಆ ಸೂತ್ರವನ್ನು ಎತ್ತಿಹಿಡಿಯಿತು. ಎಂ. ಆರ್. ಮೆಹೆರ್ ಅವರ ಬೋನಸ್ ಆಯೋಗದ ವರದಿಯಾದ ಮೇಲೆ 1965ರಲ್ಲಿ ಕಾಯಿದೆಯೇ ಬಂದಿತು. ಅದರ ವಿಧಿಗಳನ್ನು ಈಗ 2019ರ ವೇತನ ಸಂಹಿತೆಯಲ್ಲಿ ಸೇರಿಸಿದ್ದಾರೆ. ಕನಿಷ್ಠ ಬೋನಸ್ಸು ಮೊದಲು ನೂರಕ್ಕೆ 4 ಇದ್ದುದು ಅನಂತರ 8.33 ಆಯಿತು, ಎಂದರೆ ವರ್ಷಕ್ಕೊಂದು ತಿಂಗಳ ಸಂಬಳ, ಗರಿಷ್ಠ 20. ಈಗ ಹೇಳಿರಿ: ಲಾಭ ಮೊದಲೊ, ವ್ಯಾಜ್ಯ ಮೊದಲೊ?

ಆಡಿಟರು: ಲಾಭವನ್ನು ಹೇಗೆ ಎಣಿಸಬೇಕೆಂಬುದನ್ನೇ ವ್ಯಾಜ್ಯಗಳು ಕಲಿಸಿದುವೆಂದು ತಮ್ಮ ಅಭಿಪ್ರಾಯ. ಆದರೂ ಎಣಿಕೆಯ ವಿಧಾನ ಬೇರೆ, ಫಲಿತಾಂಶ ಬೇರೆ. ಕಾಯಿದೆಯಂತೆ ಲೆಕ್ಕವಿಟ್ಟ ಕಂಪನಿಗೆ ನ್ಯಾಯಾಲಯದಲ್ಲಿ ಭಯವಿರಬಾರದಷ್ಟೆ?

ವಕೀಲರು: ಕಾಯಿದೆಯ ಅಕ್ಷರದಂತೆ ಲೆಕ್ಕವಿಟ್ಟು ಅದರ ಆಶಯವನ್ನು ಹುಸಿಗೊಳಿಸಿದ ಒಂದು ನಿದರ್ಶನವನ್ನು ಹೇಳುತ್ತೇನೆ. ಭಾವನಗರದ ಅಸೋಸಿಯೇಟೆಡ್ ರಬ್ಬರ್ ಇಂಡಸ್ಟ್ರಿ ಎಂಬ ಕಂಪನಿಯು ಇನ್ನೊಂದು ಕಂಪನಿಯ ಷೇರುಗಳನ್ನು ಕೊಂಡಿತ್ತು. ವರ್ಷ ವರ್ಷವೂ ಆ ಷೇರುಗಳ ಮೇಲೆ ಬರುತ್ತಿದ್ದ ಲಾಭಾಂಶ ಕಂಪನಿಯ ಲಾಭ-ನಷ್ಟದ ಲೆಕ್ಕಕ್ಕೆ ಸೇರುತ್ತಿತ್ತು. ಅದರ ಪ್ರಕಾರ ಬೋನಸ್ಸಿನ ಗಣನೆಯೂ ಆಗುತ್ತಿತ್ತು. 1968ರಲ್ಲಿ ಕಂಪನಿಯವರು ಪೂರ್ಣವಾಗಿ ತಮ್ಮದೇ ಆದ ಒಂದು ಅಂಗಸಂಸ್ಥೆಯನ್ನು ಸ್ಥಾಪಿಸಿ, ಆ ಷೇರುಗಳನ್ನೆಲ್ಲ ಅದರ ಹೆಸರಿಗೆ ವರ್ಗಾಯಿಸಿದರು. ಆ ಅಂಗಸಂಸ್ಥೆಗೆ ಕಾರ್ಖಾನೆಯಿರಲಿಲ್ಲ, ವ್ಯಾಪಾರವಿರಲಿಲ್ಲ, ಆ ಷೇರುಗಳ ಹೊರತು ಬೇರೆ ಆಸ್ತಿಯೂ ಇರಲಿಲ್ಲ. ಲಾಭಾಂಶವನ್ನು ಪಡೆದು ಇಟ್ಟುಕೊಳ್ಳುವುದೊಂದೇ ಅದರ ಕಾರ್ಯ. ಹಣ ಮನೆಯಲ್ಲಿಯೇ ಉಳಿಯಿತು. ಲೆಕ್ಕದಿಂದ ಮಾತ್ರ ಮಾಯವಾಯಿತು. ಅದರೊಡನೆ ಬೋನಸ್ಸೂ ಕರಗಿತು. ಕೈಗಾರಿಕಾ ನ್ಯಾಯಾಧಿಕರಣದಲ್ಲಿ ಕೆಲಸಗಾರರು ಸೋತರು; ಹೈಕೋರ್ಟಿನಲ್ಲಿಯೂ ಸೋತರು. ಎರಡು ಕಂಪನಿಗಳು ಕಾಯಿದೆಯ ಕಣ್ಣಿಗೆ ಎರಡು ಬೇರೆ ವ್ಯಕ್ತಿಗಳೆಂಬ ತತ್ತ್ವವೇ ಅವರಿಗೆ ಅಡ್ಡವಾಯಿತು. 1985ರಲ್ಲಿ ಸರ್ವೋಚ್ಚ ನ್ಯಾಯಾಲಯದಲ್ಲಿ ನ್ಯಾಯಮೂರ್ತಿ ಒ. ಚಿನ್ನಪ್ಪ ರೆಡ್ಡಿಯವರಿದ್ದ ಪೀಠವು ಆ ತೆರೆಯನ್ನು ಸರಿಸಿ ಒಳಗೇನಿದೆಯೆಂದು ನೋಡಿತು. ಬೋನಸ್ಸನ್ನು ಕಡಮೆ ಮಾಡುವುದೊಂದೇ ಉದ್ದೇಶದಿಂದ ಈ ಏರ್ಪಾಡಾಗಿದೆಯೆಂದು ಕಂಡು, ಆ ಲಾಭಾಂಶವನ್ನು ಮೂಲ ಕಂಪನಿಯ ಲಾಭಕ್ಕೆ ಸೇರಿಸತಕ್ಕದ್ದೆಂದು ತೀರ್ಪಿತ್ತಿತು. ಹದಿನೇಳು ವರ್ಷಗಳ ಬಳಿಕ ಲೆಕ್ಕ ಸರಿಹೋಯಿತು. ಇದನ್ನು ಸರಿಪಡಿಸಿದವರು ಕಂಪನಿಯ ನಿರ್ದೇಶಕರಲ್ಲ, ನಿಮ್ಮ ವೃತ್ತಿಯವರೂ ಅಲ್ಲ. ರಬ್ಬರಿನ ವಾಸನೆಯ ನಡುವೆ ನಿಂತು ದುಡಿದ ಜನ.

ಆಡಿಟರು: ಆ ಮಾತು ನನಗೆ ತಾಗುತ್ತದೆ, ತಾಗಬೇಕಾದದ್ದೇ. ಆದರೆ ಲೆಕ್ಕಶಾಸ್ತ್ರವು ಯಾವಾಗಲೂ ಮಾಲೀಕನ ಬಂಟನೆಂದು ತಾವು ತಿಳಿಯಬಾರದು. ಮೆಟಲ್ ಬಾಕ್ಸ್ ಕಂಪನಿಯ ಕೆಲಸಗಾರರ ಬೋನಸ್ಸಿನ ಮೊಕದ್ದಮೆಯನ್ನು ನಾವು ವಿದ್ಯಾರ್ಥಿಗಳಾಗಿದ್ದಾಗ ಓದಿದ್ದೇವೆ. ಮುಂದೆ ಎಂದೋ ಕೊಡಬೇಕಾದ ಗ್ರ್ಯಾಚುಯಿಟಿಗೆಂದು ಕಂಪನಿಯು ಇಂದೇ ತೆಗೆದಿಡುವ ಹಣವನ್ನು ಲಾಭದಿಂದ ಕಳೆಯಬಹುದೆ ಎಂಬುದು ಅಲ್ಲಿನ ಪ್ರಶ್ನೆಗಳಲ್ಲೊಂದು. ಶಾಸ್ತ್ರೀಯವಾಗಿ ಅಂದಾಜು ಮಾಡಲು ಸಾಧ್ಯವಾಗುವಷ್ಟು ನಿಶ್ಚಿತವಾಗಿದ್ದರೆ ಕಳೆಯಬಹುದೆಂದು 1968ರಲ್ಲಿ ಸರ್ವೋಚ್ಚ ನ್ಯಾಯಾಲಯ ಹೇಳಿತು. ಆ ಅಂಶದಲ್ಲಿ ಬೋನಸ್ಸಿನ ಪಾಲು ತಗ್ಗಿತೆಂಬುದು ದಿಟ. ಆದರೆ ಕೆಲಸಗಾರನು ದುಡಿದ ಪ್ರತಿಯೊಂದು ವರ್ಷವೂ ಕಂಪನಿಯ ಮೇಲೆ ಒಂದು ಋಣವನ್ನು ಬೆಳೆಸುತ್ತದೆಂಬುದಕ್ಕೂ ಮನ್ನಣೆ ಸಿಕ್ಕಿತು. ನಮ್ಮ ಬೆಂಗಳೂರಿನ ಭಾರತ್ ಅರ್ಥ್ ಮೂವರ್ಸ್ ಕಂಪನಿಯ ಆದಾಯ ತೆರಿಗೆಯ ವಿವಾದದಲ್ಲಿ 2000ದಲ್ಲಿ ಇದೇ ತತ್ತ್ವ ಇನ್ನೂ ಸ್ಪಷ್ಟವಾಯಿತು: ನೌಕರನು ಸಂಪಾದಿಸಿ ಬಳಸದೆ ಉಳಿಸಿಕೊಂಡ ರಜೆಯ ಹಣವನ್ನು ಯಾವ ದಿನ ಕೊಡಬೇಕಾಗುವುದೆಂದು ತಿಳಿಯದಿದ್ದರೂ, ಕೊಡಬೇಕಾದ ಹೊಣೆ ಈಗಾಗಲೇ ಹುಟ್ಟಿದೆ.

ವಕೀಲರು: ಬಹಳ ಚೆನ್ನಾಗಿ ಹೇಳಿದಿರಿ, ನನ್ನ ವಾದಕ್ಕೆ ಬೇಕಾದ ತೊಲೆಯನ್ನು ನೀವೇ ಹೊತ್ತು ತಂದುಕೊಟ್ಟಿರಿ. ಇನ್ನೂ ಪಡೆಯದ ರಜೆಯ ಹಣವು ಇಂದಿನ ಸಾಲವಾಗುವುದಾದರೆ, ನೋಟೀಸಿಲ್ಲದೆ, ಪರಿಹಾರವಿಲ್ಲದೆ ಹೊರಗೆ ಹಾಕಿದ ಕೆಲಸಗಾರನ ವೇತನವು ಯಾವ ದಿನ ಸಾಲವಾಗುತ್ತದೆ? ಹತ್ತು ವರ್ಷದ ಮೇಲೆ ನ್ಯಾಯಾಧೀಶರು ರುಜು ಹಾಕುವ ದಿನವೊ, ಅವನನ್ನು ಗೇಟಿನಲ್ಲಿ ತಡೆದ ದಿನವೊ?

ಆಡಿಟರು: ಅಲ್ಲಿ ಒಂದು ಭೇದವಿದೆ. ರಜೆಯ ಹಣ ನಿಶ್ಚಿತ. ವ್ಯಾಜ್ಯದ ಫಲ ಅನಿಶ್ಚಿತ. ನಮ್ಮ ಲೆಕ್ಕಮಾನದಂಡಗಳು ಮೂರು ಮೆಟ್ಟಿಲುಗಳನ್ನು ಕಲ್ಪಿಸಿವೆ. ಕೊಡಬೇಕಾಗಿ ಬರುವ ಸಂಭವವೇ ಹೆಚ್ಚೆಂದು ತೋರಿದರೆ ಲಾಭದಿಂದ ಆ ಮೊತ್ತವನ್ನು ತೆಗೆದಿಡಬೇಕು. ಬರಬಹುದು ಬಾರದಿರಬಹುದು ಎಂದಿದ್ದರೆ ಲೆಕ್ಕದ ಹಿಂದೆ ಜೋಡಿಸುವ ಟಿಪ್ಪಣಿಗಳಲ್ಲಿ ತಿಳಿಸಿದರೆ ಸಾಕು. ಬರುವ ಸಂಭವ ತೀರ ದೂರವಾಗಿದ್ದರೆ ಏನೂ ಬರೆಯಬೇಕಿಲ್ಲ.

ವಕೀಲರು: ಯಾವ ವ್ಯಾಜ್ಯ ಯಾವ ಮೆಟ್ಟಿಲಿನಲ್ಲಿದೆಯೆಂದು ನಿರ್ಣಯಿಸುವವರು ಯಾರು?

ಆಡಿಟರು: ಆಡಳಿತವರ್ಗದವರು. ಅವರು ತಮ್ಮ ವಕೀಲರಿಂದ ಒಂದು ಪತ್ರವನ್ನು ತರಿಸಿ ನಮ್ಮ ಮುಂದಿಡುತ್ತಾರೆ. ಸತ್ಯವನ್ನು ಹೇಳಬೇಕೆಂದರೆ ಆ ಪತ್ರಗಳಲ್ಲಿ ಬಹುಪಾಲು ಅಡ್ಡಗೋಡೆಯ ಮೇಲೆ ಇಟ್ಟ ದೀಪಗಳು: ಕಂಪನಿಯ ವಾದ ಪ್ರಬಲವಾಗಿದೆ, ಆದರೂ ಫಲಿತಾಂಶವನ್ನು ಮುಂಚಿತವಾಗಿ ಹೇಳಲಾಗದು ಎಂದಿರುತ್ತದೆ. ಆದ್ದರಿಂದ ಆ ಮೊತ್ತ ಟಿಪ್ಪಣಿಗೆ ಹೋಗುತ್ತದೆ. ಸಾಲವೆಂದು ಕಂಪನಿಯು ಒಪ್ಪಿಕೊಳ್ಳದ ಬೇಡಿಕೆಗಳು ಎಂಬ ಒಂದು ಸಾಲು, ಅದರ ಮುಂದೆ ಒಂದು ಅಂಕಿ. ತೆರಿಗೆಯ ವಿವಾದ, ಸರಕು ಕೊಟ್ಟವರ ತಗಾದೆ, ನೌಕರರ ದಾವೆ, ಎಲ್ಲವೂ ಎಷ್ಟೋ ವೇಳೆ ಆ ಒಂದೇ ಅಂಕಿಯೊಳಗೆ ಅಡಗಿರುತ್ತವೆ.

ವಕೀಲರು: ಅದರೊಳಗೆ ಅಡಗಿರುವ ಒಬ್ಬನ ಲೆಕ್ಕವನ್ನು ಬಿಡಿಸಿ ನೋಡೋಣ, ಅಂಕಿಗಳು ಉದಾಹರಣೆಗಾಗಿ ನಾನು ಕಲ್ಪಿಸಿಕೊಂಡವು. ತಿಂಗಳಿಗೆ 20,000 ರೂಪಾಯಿ ಸಂಬಳದ, ಹತ್ತು ವರ್ಷ ದುಡಿದ ಕೆಲಸಗಾರ. 1947ರ ಕೈಗಾರಿಕಾ ವಿವಾದಗಳ ಕಾಯಿದೆಯ ಪ್ರಕಾರ ಅವನು ಹೆಚ್ಚಾದನೆಂದು ಕೈಬಿಡುವಾಗ ಒಂದು ತಿಂಗಳ ನೋಟೀಸನ್ನಾಗಲಿ ಅದರ ಬದಲು ಸಂಬಳವನ್ನಾಗಲಿ ಕೊಟ್ಟು, ಸೇವೆಯ ಒಂದೊಂದು ವರ್ಷಕ್ಕೂ ಹದಿನೈದು ದಿನಗಳ ವೇತನವನ್ನು ಎಣಿಸಿ ಕೈಗಿಡಬೇಕಾಗಿತ್ತು. ಸ್ಥೂಲವಾಗಿ ಆರು ತಿಂಗಳ ಸಂಬಳ, 1,20,000 ರೂಪಾಯಿ. ಅದನ್ನು ಕೊಡದೆ ಕಳುಹಿಸಿದರು. ಹತ್ತು ವರ್ಷ ವ್ಯಾಜ್ಯ ನಡೆದು, ಕೈಬಿಟ್ಟದ್ದು ಅಸಿಂಧುವೆಂದಾಗಿ, ಹಿಂಬಾಕಿ ವೇತನ ಪೂರ್ತಿ ಕೊಡಬೇಕೆಂದಾದರೆ 24,00,000. ನಡುವೆ ಹೈಕೋರ್ಟಿಗೆ ಹೋದರೆ, 1984ರಲ್ಲಿ ಜಾರಿಗೆ ಬಂದ ಒಂದು ತಿದ್ದುಪಡಿಯಂತೆ, ಮರಳಿ ಕೆಲಸಕ್ಕೆ ತೆಗೆದುಕೊಳ್ಳಬೇಕೆಂಬ ಆಜ್ಞೆಯನ್ನು ಪ್ರಶ್ನಿಸಿದ ಮಾಲೀಕನು, ಬೇರೆಲ್ಲಿಯೂ ಕೆಲಸವಿಲ್ಲದ ಆ ಕಾರ್ಮಿಕನಿಗೆ ತೀರ್ಮಾನವಾಗುವವರೆಗೂ ಕೊನೆಯ ಸಂಬಳದ ದರದಲ್ಲಿ ಕೊಡುತ್ತಲೇ ಇರಬೇಕು. ಆ ಕಾಯಿದೆಯ ಸ್ಥಾನಕ್ಕೆ 2020ರ ಸಂಹಿತೆ ಬಂದಿದೆ. ಆದರೆ ಹಳೆಯ ವ್ಯಾಜ್ಯಗಳ ಗಣಿತ ಇದೇ. 1,20,000ವನ್ನು 24,00,000 ಮಾಡಿದವರು ಯಾರು? ತೀರ್ಪು ಬಂದ ವರ್ಷ ನಿರ್ದೇಶಕರ ವರದಿಯಲ್ಲಿ ಏನಿರುತ್ತದೆ? ನ್ಯಾಯಾಲಯದ ಆದೇಶದ ನಿಮಿತ್ತ ಈ ಸಲ ಲಾಭ ತಗ್ಗಿದೆಯೆಂದು ಬರೆದಿರುತ್ತದೆ. ಆದರೆ ಹಿಂದಿನ ಹತ್ತು ವರ್ಷಗಳ ಲಾಭವು ಅಷ್ಟರಮಟ್ಟಿಗೆ ಉಬ್ಬಿದ್ದಿತು. ಆ ಉಬ್ಬಿದ ಲಾಭದ ಮೇಲೆ ಷೇರುದಾರರಿಗೆ ಲಾಭಾಂಶ ಹಂಚಲಾಗಿತ್ತು, ಅಧಿಕಾರಿಗಳಿಗೆ ಬಹುಮಾನ ಸಂದಿತ್ತು. ಆ ಹತ್ತು ವರ್ಷವೂ ಬಡ್ಡಿಯಿಲ್ಲದೆ ಕಂಪನಿಗೆ ಸಾಲ ಕೊಟ್ಟವನು ಮಕ್ಕಳ ಶಾಲೆಯ ಫೀಜಿಗೆ ತಾನು ಬಡ್ಡಿಗೆ ಸಾಲ ತಂದವನು.

ಆಡಿಟರು: ಪೂರ್ತಿ ಹಿಂಬಾಕಿ ಎಲ್ಲ ಸಂದರ್ಭಗಳಲ್ಲಿಯೂ ಬರುವುದಿಲ್ಲವಲ್ಲ?

ವಕೀಲರು: ಬರುವುದಿಲ್ಲ. ಕಂಪನಿಯ ಹಣಕಾಸಿನ ಸ್ಥಿತಿಯೇ ತೀರ್ಪಿನ ಮೊತ್ತವನ್ನು ತಿದ್ದುವುದುಂಟು. ಹಿಂದೂಸ್ಥಾನ್ ಟಿನ್ ವರ್ಕ್ಸ್ ಮೊಕದ್ದಮೆಯಲ್ಲಿ 1978ರಲ್ಲಿ ನ್ಯಾಯಮೂರ್ತಿ ಡಿ. ಎ. ದೇಸಾಯಿಯವರು, ಅಕ್ರಮವಾಗಿ ಕೆಲಸ ಕಳೆದುಕೊಂಡವನಿಗೆ ಪೂರ್ಣ ಹಿಂಬಾಕಿ ವೇತನ ಸಲ್ಲುವುದೇ ಸಾಮಾನ್ಯ ನಿಯಮವೆಂದರು. ಆದರೆ ಆ ಕಂಪನಿಯು ನಷ್ಟದಲ್ಲಿದ್ದುದನ್ನು ಕಂಡು, ತ್ಯಾಗ ಮಾಡಬೇಕಾಗಿದ್ದರೆ ಎರಡು ಪಕ್ಷದವರೂ ಹಂಚಿಕೊಳ್ಳಲೆಂಬ ಭಾವದಿಂದ ನೂರಕ್ಕೆ 75ಕ್ಕೆ ಇಳಿಸಿದರು. ವೇತನ ನಿಷ್ಕರ್ಷೆಯ ವಿವಾದಗಳಲ್ಲಿಯೂ ಹಾಗೆಯೇ. ಎಕ್ಸ್‌ಪ್ರೆಸ್ ಪತ್ರಿಕೆಗಳ ಮೊಕದ್ದಮೆಯಲ್ಲಿ 1958ರಲ್ಲಿ, ಪತ್ರಿಕೋದ್ಯಮದ ಕೊಡುವ ಶಕ್ತಿಯನ್ನು ಪರ್ಯಾಲೋಚಿಸದೆ ಪತ್ರಕರ್ತರ ವೇತನವನ್ನು ಗೊತ್ತುಮಾಡಿದ ಮಂಡಲಿಯ ನಿರ್ಣಯವು ಬಿದ್ದುಹೋಯಿತು. ಹೀಗಿದ್ದರೂ ಈ ದಾಕ್ಷಿಣ್ಯಕ್ಕೆ ಒಂದು ಗಡಿಯುಂಟು. ಕೆಲಸಗಾರನಿಗೆ ಹೊಟ್ಟೆ ಹೊರೆಯುವಷ್ಟು ಕನಿಷ್ಠ ವೇತನವನ್ನು ಕೂಡ ಕೊಡಲಾರದ ಉದ್ಯಮಕ್ಕೆ ಬದುಕಿರುವ ಹಕ್ಕೇ ಇಲ್ಲವೆಂದು ಕ್ರೌನ್ ಅಲ್ಯೂಮಿನಿಯಂ ಮೊಕದ್ದಮೆಯಲ್ಲಿ 1957ರಲ್ಲಿಯೇ ಸರ್ವೋಚ್ಚ ನ್ಯಾಯಾಲಯ ಹೇಳಿದೆ. ನನ್ನ ವೃತ್ತಿಜೀವನದಲ್ಲಿ ಇದಕ್ಕಿಂತ ಹೆಚ್ಚು ಬಲ ಕೊಟ್ಟ ವಾಕ್ಯವನ್ನು ನಾನು ಕಂಡಿಲ್ಲ.

ಆಡಿಟರು: ಷೇರು ಪೇಟೆಯ ಮಾತನ್ನು ತಾವು ಎತ್ತಲೇ ಇಲ್ಲ. ದಾವೆಯ ಸುದ್ದಿ ಹೊರಬಿದ್ದರೆ ಷೇರಿನ ಬೆಲೆ ಇಳಿಯುತ್ತದೆಂಬ ಭಯ ಕಂಪನಿಗಳಿಗೆ ಇದ್ದೇ ಇದೆ.

ವಕೀಲರು: ಪೇಟೆಯು ಹೆದರುವುದು ದಾವೆಗಲ್ಲವೆಂದು ನನ್ನ ತಿಳಿವಳಿಕೆ. ಅಮೆರಿಕದ ಟೆಕ್ಸಾಕೊ ಎಂಬ ಎಣ್ಣೆಯ ಕಂಪನಿಯ ಮೇಲೆ ಅಲ್ಲಿನ ಕಪ್ಪು ವರ್ಣದ ನೌಕರರು ಬಡ್ತಿಯಲ್ಲಿಯೂ ಸಂಬಳದಲ್ಲಿಯೂ ತಾರತಮ್ಯವಾಗಿದೆಯೆಂದು 1994ರಲ್ಲಿ ದಾವೆ ಹೂಡಿದರು. ಎರಡು ವರ್ಷಗಳ ಮೇಲೂ ಅದು ಇತ್ಯರ್ಥವಾಗದೆ ತೆವಳುತ್ತಿತ್ತು. 1996ರ ನವೆಂಬರಿನಲ್ಲಿ, ಆ ದಾವೆಗೆ ಬೇಕಾದ ಕಾಗದಪತ್ರಗಳನ್ನು ನಾಶ ಮಾಡುವ ವಿಚಾರವಾಗಿ ಮೇಲಧಿಕಾರಿಗಳು ಆಡಿದ ಮಾತುಗಳ ಧ್ವನಿಮುದ್ರಿಕೆ ಪತ್ರಿಕೆಗೆ ಸಿಕ್ಕಿತು. ಷೇರಿನ ಬೆಲೆ ಕುಸಿಯಿತು; ಅದೇ ತಿಂಗಳಿನಲ್ಲಿ ಕಂಪನಿಯು 17 ಕೋಟಿ 60 ಲಕ್ಷ ಡಾಲರಿಗೂ ಮಿಕ್ಕ ಮೊತ್ತಕ್ಕೆ ರಾಜಿಯಾಯಿತು. ನೌಕರರ ದೂರು ಎರಡು ವರ್ಷವೂ ಅದೇ ಆಗಿತ್ತು. ಅದನ್ನು ಮುಚ್ಚಿಡಲು ಹವಣಿಸುವವರ ಕೈಯಲ್ಲಿ ತನ್ನ ಹಣವಿದೆಯೆಂಬುದು ಷೇರುದಾರನಿಗೆ ಹೊಸದಾಗಿ ತಿಳಿಯಿತು.

ಆಡಿಟರು: ದೊಡ್ಡ ಕಂಪನಿಗಳ ಮಾತಾಯಿತು. ಪೀಣ್ಯದಲ್ಲಿ ನಾಲ್ಕು ಲೇತ್ ಯಂತ್ರಗಳನ್ನಿಟ್ಟುಕೊಂಡು ಹತ್ತಾರು ಜನಕ್ಕೆ ಅನ್ನ ಕೊಡುತ್ತಿರುವವನ ಗತಿಯೇನು? 24,00,000 ರೂಪಾಯಿಯ ಒಂದು ತೀರ್ಪು ಬಂದರೆ ಅವನು ಯಂತ್ರಗಳನ್ನು ಮಾರಬೇಕು; ಗೆದ್ದ ಒಬ್ಬನೊಡನೆ ದಾವೆ ಹೂಡದ ಉಳಿದವರೂ ಬೀದಿಗೆ ಬೀಳುತ್ತಾರೆ. ಸುಳ್ಳು ದಾವೆಗಳೂ ಇಲ್ಲದಿಲ್ಲ.

ವಕೀಲರು: ಈ ಆಕ್ಷೇಪಕ್ಕೆ ನನ್ನಲ್ಲಿ ಪೂರ್ಣವಾದ ಉತ್ತರವಿಲ್ಲ. ಸುಳ್ಳು ದಾವೆ ತಂದವನನ್ನು ಹಿಂದಕ್ಕೆ ಕಳುಹಿಸುವುದು ನನ್ನಂಥವರ ಧರ್ಮ, ಕಳುಹಿಸಿದ್ದೇನೆ. ಆದರೆ ಚಿಕ್ಕ ಮಾಲೀಕನು ಮುಳುಗುವುದು ಕಾಯಿದೆಯ ಕಾಠಿಣ್ಯಕ್ಕಿಂತ ಹೆಚ್ಚಾಗಿ ಕಾಲಹರಣದಿಂದ. ದೊಡ್ಡ ಕಂಪನಿಯು ಹತ್ತು ವರ್ಷ ಎಳೆದರೆ ಎದುರಾಳಿ ಸೋಲುತ್ತಾನೆ. ಚಿಕ್ಕವನು ಎಳೆದರೆ ತಾನೇ ಸೋಲುತ್ತಾನೆ. ಮೊದಲನೆಯ ತಿಂಗಳಲ್ಲಿಯೇ ಸಂಧಾನಾಧಿಕಾರಿಯ ಮುಂದೆ ಕುಳಿತು ಲಕ್ಷ ರೂಪಾಯಿಯಲ್ಲಿ ಮುಗಿಸಿಕೊಳ್ಳಬಹುದಾಗಿದ್ದುದನ್ನು ಹಟದಿಂದಲೊ ದುರ್ಬೋಧನೆಯಿಂದಲೊ ಮೇಲಿನ ನ್ಯಾಯಾಲಯಗಳವರೆಗೆ ಕೊಂಡೊಯ್ದವರನ್ನು ನಾನು ಬಹಳ ಮಂದಿ ಕಂಡಿದ್ದೇನೆ. ಅವರಿಗೆ ಆ ಮೊದಲ ತಿಂಗಳಲ್ಲಿ ಬುದ್ಧಿ ಹೇಳಬಲ್ಲವರು ಅವರ ವಕೀಲರಿಗಿಂತ ಮಿಗಿಲಾಗಿ ನೀವು. ಲೆಕ್ಕ ನಿಮ್ಮ ಕೈಯಲ್ಲಿರುತ್ತದೆ. ವ್ಯಾಜ್ಯದ ಆಯುಷ್ಯದಿಂದ ನಿಮಗೆ ಬರುವ ಲಾಭವೂ ಇಲ್ಲ.

ಆಡಿಟರು: ನಾವು ಹೇಳಿದರೆ ಕೇಳುವರೆ? ನಮ್ಮನ್ನು ನೇಮಿಸುವಾಗ ಹೆಸರು ಸೂಚಿಸುವವರೂ ಅವರೇ ಅಲ್ಲವೆ?

ವಕೀಲರು: ಹೆಸರನ್ನು ಅವರು ಸೂಚಿಸಿದರೂ ನೇಮಿಸುವವರು ಷೇರುದಾರರು. ಇನ್ನೂ ಒಂದು ಸಂಗತಿಯುಂಟು. ಬೋನಸ್ಸಿನ ವಿವಾದವೊಂದು ನ್ಯಾಯಾಧಿಕರಣಕ್ಕೆ ಬಂದಾಗ, ಆಡಿಟರು ಕ್ರಮವಾಗಿ ಪರಿಶೋಧಿಸಿದ ಲೆಕ್ಕಗಳನ್ನು ನಿಜವೆಂದು ಭಾವಿಸಿ ಮುಂದುವರಿಯಬಹುದೆಂದು 1965ರ ಕಾಯಿದೆಯು ವಿಧಿಸಿತು. ಸಂದೇಹವಿದ್ದರೆ ಕಾರ್ಮಿಕ ಸಂಘವು ವಿವರಣೆಯನ್ನು ಕೋರಬಹುದು, ಅಷ್ಟೆ. ಸಾಕ್ಷಿಗಳನ್ನು ಕರೆಸಿ ಪಾಟೀಸವಾಲು ಮಾಡುವ ನಮ್ಮ ನ್ಯಾಯಪದ್ಧತಿಯಲ್ಲಿ ಕಾಗದದ ಮೇಲಿನ ಒಂದು ರುಜುವಿಗೆ ಇಂಥ ಗೌರವ ಸಂದಿರುವುದು ವಿರಳ. ಆ ರುಜುವನ್ನು ನಂಬಿ ಕೆಲಸಗಾರನ ಪಾಲು ನಿರ್ಣಯವಾಗುತ್ತದೆ. ಆದ್ದರಿಂದ ನಿಮ್ಮನ್ನು ಒಂದು ಬೇಡುತ್ತೇನೆ. ಸಾಲವೆಂದು ಒಪ್ಪಿಕೊಳ್ಳದ ಬೇಡಿಕೆಗಳ ಆ ಸಾಲು ಮುಂದೆ ಎಂದು ನಿಮ್ಮ ಕಣ್ಣಿಗೆ ಬಿದ್ದರೂ ರುಜು ಹಾಕುವ ಮುನ್ನ ಮೂರು ಪ್ರಶ್ನೆಗಳನ್ನು ಕೇಳಿರಿ: ಈ ಮೊತ್ತದಲ್ಲಿ ನೌಕರರದೆಷ್ಟು? ಅದು ಎಷ್ಟು ವರ್ಷದಿಂದ ಇಲ್ಲಿದೆ? ಇಂದೇ ತೀರಿಸುವುದಾದರೆ ಎಷ್ಟಕ್ಕೆ ತೀರುತ್ತದೆ? ಉತ್ತರಗಳನ್ನು ಟಿಪ್ಪಣಿಯಲ್ಲಿ ಬೇರೆಯಾಗಿ ಬರೆಯಿಸಿರಿ. ಷೇರುದಾರರೂ ವಾರ್ಷಿಕ ಸಭೆಗೆ ಬಂದಾಗ ಲಾಭಾಂಶದ ದರವನ್ನು ಕೇಳುವುದಕ್ಕೆ ಮೊದಲು ಆ ಪುಟವನ್ನು ತಿರುವಿ ನೋಡಲಿ.